ಕಪ್ಪು ವಾಲ್‌ನಟ್ ಮರದ ಹತ್ತಿರ ಬೇರೆ ಮರಗಳನ್ನು ನೆಡಬಹುದೇ? ತಿಳಿದವರು ಸಲಹೆ ಕೊಡಬೇಕು

ಹಿತ್ತಲಗಿಡ, ದಾವಣಗೆರೆ

ಎಲ್ಲರಿಗೂ ನಮಸ್ಕಾರ.

ನಾನು ದಾವಣಗೆರೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಮ್ಮ ಹಿತ್ತಲಿನಲ್ಲಿ ತೆಂಗು, ನುಗ್ಗೆ, ಕರಿಬೇವು, ಪಾರಿಜಾತ ಮತ್ತು ಎರಡು ಬಗೆಯ ದಾಸವಾಳ ಇವೆ. ಎಲ್ಲವನ್ನೂ ನಾನೇ ನೆಟ್ಟು ಬೆಳೆಸಿದ್ದೇನೆ. ಆದರೆ ಈಗ ಕೇಳಬೇಕಾಗಿರುವುದು ನಾನು ಇದುವರೆಗೆ ಕಣ್ಣಾರೆ ನೋಡದ ಒಂದು ಮರದ ಬಗ್ಗೆ.

ನನ್ನ ಮಗಳು ಮತ್ತು ಅಳಿಯ ಅಮೆರಿಕದ ಒಹಾಯೊ ರಾಜ್ಯದಲ್ಲಿ, ಕೊಲಂಬಸ್ ನಗರದ ಹೊರವಲಯದಲ್ಲಿ ಮನೆ ಕೊಂಡು ಎರಡು ವರ್ಷಗಳಾದವು. ಮನೆಯ ಹಿಂದೆ ಅರವತ್ತು ಅಡಿಗೂ ಎತ್ತರವಾದ ಒಂದು ಕಪ್ಪು ವಾಲ್‌ನಟ್ ಮರವಿದೆ. ಅದು ನಾವು ಅಂಗಡಿಯಲ್ಲಿ ಕೊಳ್ಳುವ ಕಾಶ್ಮೀರದ ಅಕ್ರೋಟಿನ ಜಾತಿಗೆ ಸೇರಿದ್ದಾದರೂ ಅದೇ ಮರವಲ್ಲ ಎಂದು ಮಗಳು ಹೇಳುತ್ತಾಳೆ. ಆ ಬಡಾವಣೆ ಮೊದಲು ನಮ್ಮ ಜಿಲ್ಲೆಯ ಹೊಲಗಳ ಹಾಗೆಯೇ ಮೆಕ್ಕೆಜೋಳದ ಹೊಲವಾಗಿತ್ತಂತೆ. ಬದುವಿನ ಮೇಲಿದ್ದ ಈ ಮರವನ್ನು ಕಡಿಯದೆ ಉಳಿಸಿಕೊಂಡು ಮನೆಗಳನ್ನು ಕಟ್ಟಿದ್ದಾರೆ.

ಕಳೆದ ವರ್ಷ ನನ್ನ ಮಾತು ಕೇಳಿ ಅವರು ಜೂನ್ ಮೊದಲ ವಾರದಲ್ಲಿ ಎರಡು ಸಸಿಗಳನ್ನು ನೆಟ್ಟರು. ಮರದ ಬುಡದಿಂದ 25 ಅಡಿ ದೂರದಲ್ಲಿ ಬಿಳಿ ತೊಗಟೆಯ ಬಿರ್ಚ್, 35 ಅಡಿ ದೂರದಲ್ಲಿ ಸೇಬು. ಬಿರ್ಚ್ ಆಗಸ್ಟ್ ತಿಂಗಳು ಮುಗಿಯುವುದರೊಳಗೆ ಒಣಗಿತು. ಸೇಬಿನ ಎಲೆಗಳು ಹಳದಿಯಾಗಿ ಉದುರಿದವು. ಚಳಿಗಾಲ ಕಳೆದರೆ ಚಿಗುರಬಹುದು ಎಂದು ಕಾದೆವು, ಈ ಏಪ್ರಿಲ್‌ನಲ್ಲಿ ಸುತ್ತಲಿನ ಗಿಡಗಳೆಲ್ಲ ಚಿಗುರಿದರೂ ಅದು ಚಿಗುರಲಿಲ್ಲ. ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಟೊಮೆಟೊ. ಕೊಂಬೆಗಳ ಅಂಚಿನ ಕೆಳಗೆ ಹಾಕಿದ್ದ ಆರು ಗಿಡಗಳು ಹೂ ಬಿಡುವ ಹೊತ್ತಿಗೆ ಒಂದೊಂದಾಗಿ ಸೊರಗಿದವು, ಸಂಜೆ ನೀರು ಹಾಕಿದರೂ ಬೆಳಗ್ಗೆ ತಲೆ ಎತ್ತಲಿಲ್ಲ. ಅದೇ ಜಾಗದಲ್ಲಿ ಹುಲ್ಲು ಮಾತ್ರ ಸೊಂಪಾಗಿ ಬೆಳೆದಿದೆ. ಮಣ್ಣು ಕೆಟ್ಟಿದ್ದರೆ ಹುಲ್ಲು ಹೇಗೆ ಬೆಳೆಯುತ್ತದೆ ಎಂಬುದು ನನಗೆ ಬಗೆಹರಿಯಲಿಲ್ಲ.

ಆಮೇಲೆ ಪಕ್ಕದ ಮನೆಯ ಹಿರಿಯರೊಬ್ಬರು ಆ ಮರದ ಬೇರಿನಲ್ಲಿ ಜುಗ್ಲೋನ್ ಎಂಬ ವಿಷವಿದೆ, ಅದರ ಸುತ್ತ ಏನೂ ಬದುಕುವುದಿಲ್ಲ, ಕಡಿಸಿಬಿಡಿ ಎಂದರಂತೆ. ಮಗಳಿಗೆ ಮರ ಕಡಿಸಲು ಮನಸ್ಸಿಲ್ಲ, ನನಗೂ ಇಲ್ಲ.

ಅವರು ಈಗ ಮೂರು ಕಡೆ ಮರ ನೆಡಬೇಕೆಂದಿದ್ದಾರೆ. ಅಡುಗೆಮನೆಯ ಕಿಟಕಿಗೆ ಎದುರಾಗಿ, ವಾಲ್‌ನಟ್ ಬುಡದಿಂದ 30 ಅಡಿ ದೂರದಲ್ಲಿ, ಚಿಕ್ಕದಾಗಿ ಹೂ ಬಿಡುವ ಒಂದು ಮರ. ಬೇಲಿಯ ಉದ್ದಕ್ಕೂ, ಸುಮಾರು 40 ಅಡಿ ದೂರದಲ್ಲಿ, ವರ್ಷವಿಡೀ ಹಸಿರಾಗಿದ್ದು ಮರೆಯಾಗಿ ನಿಲ್ಲುವ ನಾಲ್ಕೈದು ಮರಗಳು. ಮನೆಯ ಪಶ್ಚಿಮಕ್ಕೆ, 75 ಅಡಿ ದೂರದಲ್ಲಿ, ಸಂಜೆಯ ಬಿಸಿಲು ತಡೆಯುವ ದೊಡ್ಡ ನೆರಳಿನ ಮರ. ನಾನು ಮತ್ತು ನನ್ನ ಶ್ರೀಮತಿ ಗಣೇಶನ ಹಬ್ಬ ಮುಗಿಸಿ ಅಲ್ಲಿಗೆ ಹೋಗಲಿದ್ದೇವೆ. ಯಾವ ಮರ ಈ ವಿಷವನ್ನು ತಾಳುತ್ತದೆ, ಯಾವುದು ತಾಳುವುದಿಲ್ಲ, ಎಷ್ಟು ದೂರ ಬಿಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ. ಎರಡನೆಯ ಸಲವೂ ಸಸಿಗಳು ಸತ್ತರೆ ಮಗಳು ಮತ್ತೆ ನೆಡುವ ಆಸೆಯನ್ನೇ ಬಿಟ್ಟುಬಿಡುತ್ತಾಳೆ.

ಕೆಂಪುನೆಲ, ಹಿರಿಯೂರು

ಗುರುಗಳೇ, ನಮಸ್ಕಾರ. ಆ ಮರವನ್ನು ನಾನೂ ನೋಡಿಲ್ಲ. ಆದರೆ ಮರದ ಕೆಳಗೆ ಇನ್ನೊಂದು ಗಿಡ ಬದುಕದ ಸಂಗತಿ ನಮಗೆ ಹೊಸದಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಜಮೀನಿನ ಬದುವಿನಲ್ಲಿ ನೀಲಗಿರಿ ಸಾಲು ಇತ್ತು. ಆ ಸಾಲಿನಿಂದ ಮೂವತ್ತು ನಲವತ್ತು ಅಡಿಯವರೆಗೆ ಶೇಂಗಾ ಬಳ್ಳಿ ಗೇಣುದ್ದವೂ ಹಬ್ಬುತ್ತಿರಲಿಲ್ಲ. ನಾವೂ ನೀಲಗಿರಿ ಎಲೆಯ ವಿಷವೇ ಕಾರಣ ಎಂದುಕೊಂಡಿದ್ದೆವು. ಒಂದು ವರ್ಷ ಬದುವಿನ ಗುಂಟ ಮೂರಡಿ ಆಳದ ಕಂದಕ ತೆಗೆದು ಹಬ್ಬುಬೇರುಗಳನ್ನು ಕತ್ತರಿಸಿದೆವು. ಎಲೆ ಉದುರುವುದು ನಿಲ್ಲಲಿಲ್ಲವಾದರೂ ಆ ಹಂಗಾಮಿನಲ್ಲಿ ಶೇಂಗಾ ಬದುವಿನ ಹತ್ತಿರದವರೆಗೂ ಬಂತು. ನಮ್ಮ ಹೊಲದಲ್ಲಿ ಹೆಚ್ಚು ಪಾಲು ಕೆಲಸ ಮಾಡುತ್ತಿದ್ದುದು ವಿಷವಲ್ಲ, ನೀರಿನ ಜಗಳ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮ ಸೀಮೆಯಲ್ಲಿ ದೊಡ್ಡ ಮರ ಮೊದಲು ಕುಡಿಯುತ್ತದೆ, ಉಳಿದದ್ದು ಚಿಕ್ಕದಕ್ಕೆ. ಒಹಾಯೊದಲ್ಲಿ ಮಳೆ ಇದಕ್ಕಿಂತ ಹೆಚ್ಚಿರಬಹುದು. ಆದರೂ ಅರವತ್ತಡಿ ಮರದ ಬೇರಿನ ನಡುವೆ ಇಟ್ಟ ಸಸಿಗೆ ನೀರು ಸಿಕ್ಕಿತೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಎರಡನೆಯ ಮಾತು, ನೆಟ್ಟ ಕಾಲ. ಜೂನ್ ಮೊದಲ ವಾರ ಎಂದು ಬರೆದಿದ್ದೀರಿ. ನಮಗದು ಮೃಗಶಿರಾ ಮಳೆಯ ಕಾಲ, ಸಸಿ ನೆಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅವರಿಗೆ ಅದು ಬೇಸಿಗೆಯ ಬಾಗಿಲು. ಬೇರು ಮಣ್ಣು ಹಿಡಿಯುವ ಮೊದಲೇ ಜುಲೈ, ಆಗಸ್ಟ್ ತಿಂಗಳ ಬಿಸಿಲು ಬಡಿದಿದ್ದರೆ ಬಿರ್ಚ್ ಸಾಯಲು ವಿಷವೇ ಬೇಕಿರಲಿಲ್ಲ. ತಮ್ಮನ್ನು ದೂರಲು ಹೇಳುತ್ತಿಲ್ಲ. ಸಾವಿನ ಕಾರಣ ಸರಿಯಾಗಿ ಗೊತ್ತಾಗದೆ ಮುಂದಿನ ಸಸಿಯನ್ನು ಆರಿಸಬಾರದು ಎಂಬುದಕ್ಕಾಗಿ ಹೇಳುತ್ತಿದ್ದೇನೆ.

ಟೊಮೆಟೊ ಸೊರಗಿದ್ದು ಮಾತ್ರ ಬೇರೆಯೇ ಸಂಗತಿ ಎನ್ನಿಸುತ್ತದೆ. ಟೊಮೆಟೊ, ಬದನೆ, ಮೆಣಸಿನ ಗಿಡಗಳಿಗೆ ಸೊರಗು ರೋಗ ಬರುವುದು ಬೆಳೆಗಾರರಿಗೆಲ್ಲ ಗೊತ್ತು. ದುಂಡಾಣುವಿನ ಸೊರಗಾದರೆ ಕಾಂಡವನ್ನು ಬುಡದಲ್ಲಿ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗಿ ಹಿಡಿದರೆ, ಕೆಲವು ನಿಮಿಷಗಳಲ್ಲಿ ಹಾಲಿನ ಎಳೆಯಂತಹ ಬಿಳಿ ದ್ರವ ಕೆಳಗಿಳಿಯುತ್ತದೆ. ಇನ್ನೊಮ್ಮೆ ಗಿಡ ಸೊರಗಿದರೆ ಮಗಳಿಗೆ ಈ ಪರೀಕ್ಷೆ ಮಾಡಲು ಹೇಳಿ. ಬಿಳಿ ಎಳೆ ಕಾಣದಿದ್ದರೆ ಬೂಷ್ಟಿನ ಸೊರಗು ಅಥವಾ ಆ ಮರದ ಪ್ರಭಾವ, ಇವೆರಡರ ಮೇಲೆ ಅನುಮಾನ ಇಡಬೇಕು.

ಮರ ಕಡಿಸಬೇಡಿ. ಅಂಥ ಮರ ಮತ್ತೆ ಅಷ್ಟೆತ್ತರ ಬೆಳೆಯುವುದನ್ನು ನೋಡಲು ಮೊಮ್ಮಕ್ಕಳೇ ಬರಬೇಕು.

ಕೋಟೆಬೀದಿ, ಚಿತ್ರದುರ್ಗ

ಹಿತ್ತಲಗಿಡ ಸರ್, ನಾನು ಒಹಾಯೊದ ಪಕ್ಕದ ಇಂಡಿಯಾನಾದಲ್ಲಿ ಹದಿನಾರು ವರ್ಷ ಇದ್ದು ಈಗ ಊರಿಗೆ ಮರಳಿದ್ದೇನೆ. ಅಲ್ಲಿ ನಮ್ಮ ಮನೆಯ ಹಿಂದೆಯೂ ಕಪ್ಪು ವಾಲ್‌ನಟ್ ಇತ್ತು. ನೀವು ಬರೆದ ಟೊಮೆಟೊದ ಕಥೆ ಮೊದಲ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೂ ನಡೆಯಿತು, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಈ ಮರ ಉತ್ತರ ಅಮೆರಿಕದ ಪೂರ್ವ ಭಾಗದ ಮೂಲನಿವಾಸಿ; ಕಾಡಿನಲ್ಲಿ ಅದರ ಸುತ್ತ ಬೇರೆ ಮರಗಳು ಧಾರಾಳವಾಗಿ ಬೆಳೆಯುತ್ತವೆ. ಏನೂ ಬದುಕುವುದಿಲ್ಲ ಎಂಬ ನೆರೆಯವರ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಯುಗಯುಗಗಳಿಂದ ಅದರ ಜೊತೆಯಲ್ಲೇ ಬೆಳೆದು ಬಂದ ಮರಗಳನ್ನು ಆರಿಸಿದರೆ ಅರ್ಧ ತೊಂದರೆ ಕಳೆಯಿತು. ಹುಲ್ಲಿನ ವಿಷಯವೂ ಹೀಗೆಯೇ. ಅಲ್ಲಿನ ಅಂಗಳಗಳಲ್ಲಿ ಬೆಳೆಸುವ ಬ್ಲೂಗ್ರಾಸ್ ಹುಲ್ಲು ಜುಗ್ಲೋನನ್ನು ತಾಳಿಕೊಳ್ಳುತ್ತದೆ, ಮೆಕ್ಕೆಜೋಳವೂ ತಾಳುತ್ತದೆ. ಮರವನ್ನು ಉಳಿಸಿಕೊಂಡು ಜೋಳ ಬೆಳೆದ ಆ ಹಿಂದಿನ ರೈತನಿಗೆ ಬಹುಶಃ ಇದು ತೊಂದರೆ ಎಂದೇ ಅನ್ನಿಸಿರಲಾರದು. ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ, ಈ ಒಂದೇ ಕುಟುಂಬದ ಗಿಡಗಳೆಲ್ಲ ತಾಳದವುಗಳ ಪಟ್ಟಿಯಲ್ಲಿ ಮೊದಲಿಗೆ ಬರುತ್ತವೆ. ಮರಗಳ ಪೈಕಿ ಸೇಬು, ಬಿಳಿ ಬಿರ್ಚ್, ಸಿಲ್ವರ್ ಮೇಪಲ್, ಲಿಂಡನ್, ಕೆಲವು ಪೈನ್‌ಗಳು ಅದೇ ಪಟ್ಟಿಯಲ್ಲಿವೆ. ಪೊದೆಗಳಲ್ಲಿ ಅಜೇಲಿಯಾ, ರೋಡೋಡೆಂಡ್ರಾನ್, ಬ್ಲೂಬೆರಿ. ನಿಮ್ಮ ಎರಡು ಸಸಿಗಳೂ ದುರದೃಷ್ಟದಿಂದ ಆ ಪಟ್ಟಿಯವೇ ಆಗಿದ್ದವು.

ದೂರದ ಲೆಕ್ಕಕ್ಕೆ ಅಲ್ಲಿನ ತೋಟಗಾರಿಕೆ ಸಲಹೆಗಾರರು ಸಾಮಾನ್ಯವಾಗಿ ಹೇಳುವುದು ಬೆಳೆದ ಮರದ ಬುಡದಿಂದ 50 ರಿಂದ 60 ಅಡಿ. ಬೇರುಗಳು ಅದರಾಚೆಗೂ, 80 ಅಡಿಯವರೆಗೂ ಹೋಗುವುದುಂಟು. ಕೊಂಬೆಗಳು ಹರಡಿದ ಅಂಚಿನೊಳಗೆ ಪ್ರಭಾವ ಹೆಚ್ಚು, ಏಕೆಂದರೆ ಅಲ್ಲಿ ಬೇರು ದಟ್ಟವಾಗಿರುವುದಲ್ಲದೆ ಎಲೆಯೂ ಕಾಯಿಯ ಸಿಪ್ಪೆಯೂ ಅಲ್ಲೇ ಉದುರುತ್ತವೆ.

ಈಗ ನಿಮ್ಮ ಮೂರು ಜಾಗಗಳಿಗೆ ಬರುತ್ತೇನೆ.

ಕಿಟಕಿಯ ಎದುರು ಯಾವ ಅನುಮಾನವೂ ಇಲ್ಲದೆ ರೆಡ್‌ಬಡ್ ನೆಡಿಸಿ. ಅದು ಇಪ್ಪತ್ತೈದು ಮೂವತ್ತು ಅಡಿಗಿಂತ ಹೆಚ್ಚು ಬೆಳೆಯುವುದಿಲ್ಲ, ದೊಡ್ಡ ಮರದ ಅರೆನೆರಳನ್ನು ಸಹಿಸುತ್ತದೆ, ವಾಲ್‌ನಟ್‌ನ ನೆರೆಯಲ್ಲಿ ಚೆನ್ನಾಗಿ ಬಾಳುವುದನ್ನು ನಾನೇ ನೋಡಿದ್ದೇನೆ. ಏಪ್ರಿಲ್‌ನಲ್ಲಿ ಎಲೆ ಬರುವ ಮೊದಲೇ ಬೋಳು ಕೊಂಬೆಗಳ ಮೇಲೆ, ಒಮ್ಮೊಮ್ಮೆ ಕಾಂಡದ ಮೇಲೆಯೂ, ನೇರಳೆಗೆಂಪಿನ ಹೂ ಅಂಟಿಕೊಂಡಂತೆ ಅರಳುತ್ತದೆ. ನಮ್ಮ ಮಂದಾರಕ್ಕೆ ಅದು ದೂರದ ನೆಂಟ. ಹೃದಯದಾಕಾರದ ಎಲೆಯನ್ನು ಕಂಡಾಗ ನಿಮಗೇ ಆ ಹೋಲಿಕೆ ಹೊಳೆಯುತ್ತದೆ. ಇನ್ನೊಂದು ಅನುಕೂಲವಿದೆ. ವಾಲ್‌ನಟ್ ವಸಂತದಲ್ಲಿ ತಡವಾಗಿ ಚಿಗುರುವ ಮರವಾದ್ದರಿಂದ, ರೆಡ್‌ಬಡ್ ಹೂ ಬಿಡುವ ವಾರಗಳಲ್ಲಿ ಅದರ ಮೇಲೆ ಪೂರ್ಣ ಬಿಸಿಲು ಬೀಳುತ್ತದೆ. ನಮ್ಮ ಮನೆಯ ಅಡುಗೆಕೋಣೆಯಿಂದ ಈ ನೋಟವನ್ನು ಹನ್ನೊಂದು ವಸಂತಗಳಲ್ಲಿ ಕಂಡಿದ್ದೇನೆ. ಊರಿಗೆ ಬಂದ ಮೇಲೆ ಅಲ್ಲಿಯದೆಂದು ನೆನಪಾಗುವುದು ಹೆಚ್ಚಾಗಿ ಇದೊಂದೇ.

ಬೇಲಿಯ ಮರೆಗೆ ಈಸ್ಟರ್ನ್ ರೆಡ್ ಸೀಡರ್ ಒಳ್ಳೆಯದು. ಹೆಸರಿನಲ್ಲಿ ಸೀಡರ್ ಇದ್ದರೂ ಅದು ಜೂನಿಪರ್ ಜಾತಿಯದು. ಬರವನ್ನೂ ಬಡ ಮಣ್ಣನ್ನೂ ಜುಗ್ಲೋನನ್ನೂ ತಾಳುತ್ತದೆ. ಆದರೆ ಬಿಸಿಲು ಬೇಕು. ಬೇಲಿಯ ಜಾಗಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದಿದ್ದರೆ ಅದು ಬಡಕಲಾಗಿ ಮರೆಯ ಕೆಲಸಕ್ಕೆ ಬಾರದೆ ಹೋಗುತ್ತದೆ. ಅರ್ಬೊರ್‌ವಿಟೆ ಕೂಡ ಆಗುತ್ತದೆ, ಆದರೆ ಆ ಸೀಮೆಯಲ್ಲಿ ಚಳಿಗಾಲದಲ್ಲಿ ಜಿಂಕೆಗಳು ಅದನ್ನು ಆಳೆತ್ತರದವರೆಗೆ ಮೇಯ್ದು ಹಾಕುತ್ತವೆ. ರೆಡ್ ಸೀಡರಿನ ಗೋಜಿಗೆ ಅವು ಅಷ್ಟಾಗಿ ಹೋಗುವುದಿಲ್ಲ. ಒಂದು ಎಚ್ಚರ: ರೆಡ್ ಸೀಡರ್ ಮತ್ತು ಸೇಬಿನ ಮರಗಳ ನಡುವೆ ತುಕ್ಕು ರೋಗ ಒಂದರಿಂದ ಇನ್ನೊಂದಕ್ಕೆ ಹೋಗಿಬರುತ್ತದೆ. ಮತ್ತೆ ಸೇಬು ಹಾಕುವ ಆಲೋಚನೆಯಿದ್ದರೆ ಎರಡನ್ನೂ ಒಂದೇ ಅಂಗಳದಲ್ಲಿ ಇಡಬೇಡಿ.

ಪಶ್ಚಿಮದ 75 ಅಡಿ ದೂರ ಹೆಚ್ಚುಕಡಿಮೆ ಸುರಕ್ಷಿತವೇ. ಆದರೂ ಮರದ ಬೇರು ಹಬ್ಬುತ್ತಲೇ ಇರುವುದರಿಂದ ಅಲ್ಲಿಯೂ ತಾಳುವ ಜಾತಿಯನ್ನೇ ಆರಿಸಿ. ರೆಡ್ ಮೇಪಲ್, ಓಕ್, ಟುಲಿಪ್ ಮರ, ಹ್ಯಾಕ್‌ಬೆರಿ ಇವುಗಳಲ್ಲಿ ಯಾವುದಾದರೂ ಆದೀತು; ನನ್ನ ಆಯ್ಕೆ ಓಕ್. ನರ್ಸರಿಯಲ್ಲಿ ಬರೀ ಮೇಪಲ್ ಎಂದು ಕೇಳಬೇಡಿ, ಸಿಲ್ವರ್ ಮತ್ತು ರೆಡ್ ಎರಡರ ಗುಣ ಈ ವಿಷಯದಲ್ಲಿ ಬೇರೆ ಬೇರೆ. ಆಶ್ ಮರ ಬೇಡವೇ ಬೇಡ. 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಹಸಿರು ಕೊರಕ ಜೀರುಂಡೆ ಆ ಭಾಗದ ಆಶ್ ಮರಗಳನ್ನು ಕೋಟಿಗಟ್ಟಲೆ ಕೊಂದಿದೆ. ವಸಂತದಲ್ಲಿ ಬೀದಿಬೀದಿಯಲ್ಲಿ ಬೆಳ್ಳಗೆ ಅರಳುವ ಕ್ಯಾಲರಿ ಪೇರ್ ನೋಡಿ ಮನಸೋಲಬಹುದು. ಕಾಡಿಗೆ ನುಗ್ಗಿ ಹಬ್ಬುತ್ತದೆಂದು ಒಹಾಯೊ ರಾಜ್ಯ 2023ರ ಜನವರಿಯಿಂದ ಅದರ ಮಾರಾಟವನ್ನೇ ನಿಲ್ಲಿಸಿದೆ.

ಕಡಿಸುವ ಮಾತಿಗೆ ಉತ್ತರ ಸುಲಭ. ಕಡಿದರೂ ನೆಲದೊಳಗಿನ ಬೇರು ಕೊಳೆಯುವವರೆಗೆ, ಅಂದರೆ ಕೆಲವು ವರ್ಷಗಳವರೆಗೆ, ಜುಗ್ಲೋನ್ ಬಿಡುತ್ತಲೇ ಇರುತ್ತದೆ. ಹಣವೂ ನೆರಳೂ ಹೋಗಿ ತೊಂದರೆ ಮಾತ್ರ ಉಳಿಯುತ್ತದೆ.

ನೆಡುವ ಕಾಲಕ್ಕೆ ಕೆಂಪುನೆಲ ಅವರ ಮಾತು ಸರಿ. ನೀವು ಹೋಗುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು ಅಲ್ಲಿ ಒಳ್ಳೆಯ ಕಾಲ. ಗಾಳಿ ತಣ್ಣಗಾಗಿದ್ದರೂ ನೆಲ ಬೆಚ್ಚಗಿರುತ್ತದೆ, ಎಲೆಯ ಹೊರೆ ಇಲ್ಲದೆ ಬೇರು ಬೆಳೆಯುತ್ತದೆ. ಆದರೆ ಅದೇ ಹೊತ್ತಿಗೆ ವಾಲ್‌ನಟ್ ಕಾಯಿಗಳು ಉದುರುತ್ತವೆ, ಟೆನಿಸ್ ಚೆಂಡಿನ ಗಾತ್ರದ ಹಸಿರು ಕಾಯಿಗಳು. ಮರದ ಕೆಳಗೆ ಗುಣಿ ತೋಡುವಾಗ ತಲೆಯ ಮೇಲೆ ಗಮನವಿರಲಿ. ಮನೆಯಲ್ಲಿ ನಾಯಿ ಇದ್ದರೆ ಬೂಷ್ಟು ಹಿಡಿದ ಕಾಯಿಗಳನ್ನು ಅದು ಕಡಿಯದಂತೆ ದಿನವೂ ಆರಿಸಿ ತೆಗೆಯಬೇಕು, ಅದರಿಂದ ನಾಯಿಗಳಿಗೆ ನಡುಕ ಬರುತ್ತದೆ.

ಹಿತ್ತಲಗಿಡ, ದಾವಣಗೆರೆ

ಇಬ್ಬರಿಗೂ ಮನಸಾರೆ ವಂದನೆಗಳು. ಜೂನ್ ತಿಂಗಳ ವಿಷಯ ಓದಿದಾಗ ನನಗೆ ತುಂಬ ಬೇಸರವಾಯಿತು. ಮಗಳು ಬೇಡ ಎಂದಿದ್ದಳು, ಮೃಗಶಿರೆಯಲ್ಲಿ ನೆಟ್ಟ ಸಸಿ ಸಾಯುವುದಿಲ್ಲ ಎಂದು ನಾನೇ ಒತ್ತಾಯ ಮಾಡಿದ್ದೆ. ಇದನ್ನು ಅವಳಿಗೆ ನಿನ್ನೆ ಹೇಳಿದೆ.

ಎರಡು ಅನುಮಾನಗಳು ಉಳಿದಿವೆ. ಅಲ್ಲಿನ ಮಣ್ಣು ಅಂಟು ಜೇಡಿ. ಮಳೆ ಬಂದ ಮೇಲೆ ಎರಡು ದಿನ ನೀರು ನಿಲ್ಲುತ್ತದಂತೆ, ನಮ್ಮ ಎರೆಭೂಮಿಯ ಹಾಗೆ. ಇದರಿಂದ ವಿಷದ ಪ್ರಭಾವ ಹೆಚ್ಚಾಗುತ್ತದೆಯೇ? ಇನ್ನೊಂದು, ಉದುರಿದ ಎಲೆಗಳನ್ನು ಗೊಬ್ಬರ ಮಾಡಿ ಸಸಿಗಳಿಗೆ ಹಾಕಬಹುದೇ, ಅಥವಾ ಅದರಲ್ಲಿಯೂ ವಿಷ ಉಳಿಯುತ್ತದೆಯೇ? ನನ್ನ ಶ್ರೀಮತಿ ಇಲ್ಲಿಂದ ದಾಸವಾಳದ ಎರಡು ಕಡ್ಡಿ ಕೊಂಡೊಯ್ದು ಬೇಲಿಯ ಹತ್ತಿರ ಊರಬೇಕೆಂದಿದ್ದಾಳೆ. ಅದು ಆ ಮಣ್ಣಿನಲ್ಲಿ ಬದುಕುತ್ತದೆಯೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ರಸಾಯನಪಾಠ, ದಾವಣಗೆರೆ

ಸರ್, ನಾನು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮಣ್ಣು ಮತ್ತು ಎಲೆಯ ಪ್ರಶ್ನೆಗಳಿಗೆ ಉತ್ತರ ಜುಗ್ಲೋನ್ ಎಂಬ ವಸ್ತುವಿನ ಸ್ವಭಾವದಲ್ಲೇ ಇದೆಯಾದ್ದರಿಂದ ಅಲ್ಲಿಂದ ಆರಂಭಿಸುತ್ತೇನೆ.

ನಮ್ಮ ಮನೆಗಳಲ್ಲಿ ಹಬ್ಬಕ್ಕೆ ಕೈಗೆ ಹಚ್ಚುವ ಗೋರಂಟಿಯ ಬಣ್ಣದ ವಸ್ತು ಲಾಸೋನ್. ಅದಕ್ಕೂ ಜುಗ್ಲೋನಿಗೂ ಒಂದೇ ಅಣುಸೂತ್ರ: ಹತ್ತು ಇಂಗಾಲ, ಆರು ಜಲಜನಕ, ಮೂರು ಆಮ್ಲಜನಕ. ಒಂದು ಹೈಡ್ರಾಕ್ಸಿಲ್ ಗುಂಪು ಕುಳಿತ ಜಾಗ ಮಾತ್ರ ಬೇರೆ. ಹಸಿ ವಾಲ್‌ನಟ್ ಸಿಪ್ಪೆ ಬಿಡಿಸಿದವರ ಬೆರಳುಗಳು ವಾರಗಟ್ಟಲೆ ಕಂದುಗಪ್ಪಾಗಿ ಉಳಿಯುವುದನ್ನು ಕೇಳಿದರೆ ಈ ನೆಂಟಸ್ತಿಕೆ ಅರ್ಥವಾಗುತ್ತದೆ. ಜೀವಂತ ಮರದೊಳಗೆ ಅದು ಹೆಚ್ಚಾಗಿ ಬಣ್ಣವಿಲ್ಲದ, ಕೆಡುಕು ಮಾಡದ ರೂಪದಲ್ಲಿರುತ್ತದೆ. ಗಾಳಿ ಸೋಕಿದಾಗ ಉತ್ಕರ್ಷಣಗೊಂಡು ಜುಗ್ಲೋನ್ ಆಗುತ್ತದೆ. ಹಸಿರು ಸಿಪ್ಪೆಯನ್ನು ಕೊಯ್ದರೆ ಒಳಗಿನ ಬಿಳುಪು ಸ್ವಲ್ಪ ಹೊತ್ತಿನಲ್ಲೇ ಹಳದಿಯಾಗಿ ಕಂದಾಗುವುದು ಇದೇ ಬದಲಾವಣೆ. ತಾಳದ ಗಿಡದ ಜೀವಕೋಶಗಳಲ್ಲಿ ಅದು ಉಸಿರಾಟದ ಕ್ರಿಯೆಗೆ ಅಡ್ಡಿ ಮಾಡುತ್ತದೆ, ಆದ್ದರಿಂದಲೇ ನೀರು ಹಾಕಿದರೂ ಸೊರಗಿದ ಗಿಡ ಏಳುವುದಿಲ್ಲ.

ಜುಗ್ಲೋನ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಹಾಗಾಗಿ ಮಣ್ಣಿನಲ್ಲಿ ತಾನಾಗಿ ದೂರ ಹರಿಯುವುದಿಲ್ಲ. ಬೇರು ಹೋದಷ್ಟು ದೂರ ಮಾತ್ರ ಅದರ ಆಟ. ಗಾಳಿಯಾಡುವ, ಸಾವಯವ ಅಂಶವಿರುವ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಒಡೆದು ಹಾಕುತ್ತವೆ. ನೀರು ನಿಂತ ಜೇಡಿಯಲ್ಲಿ ಆ ಜೀವಿಗಳಿಗೆ ಗಾಳಿ ಸಿಗದೆ ಕೆಲಸ ನಿಧಾನವಾಗುತ್ತದೆ, ವಸ್ತು ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ನಿಮ್ಮ ಮೊದಲ ಅನುಮಾನಕ್ಕೆ ಉತ್ತರ ಹೌದು. ಸಸಿ ನೆಡುವ ಜಾಗದಲ್ಲಿ ಮಣ್ಣನ್ನು ಅಗಲವಾದ ದಿಬ್ಬದಂತೆ ಒಂದಡಿಯಷ್ಟು ಏರಿಸಿ, ನೀರು ಬಸಿದುಹೋಗುವಂತೆ ಮಾಡಿ, ವರ್ಷ ವರ್ಷ ಚೆನ್ನಾಗಿ ಕಳಿತ ಗೊಬ್ಬರ ಮೇಲುಹೊದಿಕೆಯಾಗಿ ಹಾಕಿಸಿ. ವಿಷದ ಪ್ರಶ್ನೆ ಇಲ್ಲದಿದ್ದರೂ ನಿಂತ ನೀರು ಸಸಿಯ ಬೇರನ್ನು ಕೊಲ್ಲುತ್ತದೆ ಎಂಬುದನ್ನು ದಾವಣಗೆರೆಯವರಾದ ನಿಮಗೆ ಹೇಳಬೇಕಾಗಿಲ್ಲ.

ಎಲೆಯನ್ನು ಗೊಬ್ಬರ ಮಾಡಬಹುದು. ಗಾಳಿ, ತೇವ ಮತ್ತು ಸೂಕ್ಷ್ಮಜೀವಿ ಮೂರೂ ಸೇರಿದರೆ ಎಲೆಯಲ್ಲಿನ ಜುಗ್ಲೋನ್ ಎರಡರಿಂದ ನಾಲ್ಕು ವಾರಗಳಲ್ಲಿ ಒಡೆದುಹೋಗುತ್ತದೆ. ಆಗಾಗ ಮಗುಚಿ ಹಾಕಿದ ಗೊಬ್ಬರದ ಗುಂಡಿ ಸಾಕು. ಮರದ ಚಕ್ಕೆಗಳಾದರೆ ಕನಿಷ್ಠ ಆರು ತಿಂಗಳು ಕಳಿಯಲಿ. ಹಸಿ ಎಲೆ, ಹಸಿ ಸಿಪ್ಪೆ, ತಾಜಾ ಚಕ್ಕೆ ಇವನ್ನು ಮಾತ್ರ ಸಸಿಯ ಬುಡಕ್ಕೆ ತರಬೇಡಿ. ಅಲ್ಲಿ ಕೆಲವು ಊರುಗಳಲ್ಲಿ ಕಡಿದ ಮರಗಳ ಚಕ್ಕೆಯನ್ನು ಜನರಿಗೆ ಉಚಿತವಾಗಿ ಕೊಡುತ್ತಾರೆ. ಅದರಲ್ಲಿ ವಾಲ್‌ನಟ್ ಬೆರೆತಿದೆಯೇ ಎಂದು ಕೇಳಿಯೇ ತರಬೇಕು.

ಕೋಟೆಬೀದಿ ಅವರು ಹೇಳಿದ ಪಟ್ಟಿಗಳ ಬಗ್ಗೆ ನನಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. 1925ರಲ್ಲಿ ಮ್ಯಾಸಿ ಎಂಬ ವಿಜ್ಞಾನಿ ವಾಲ್‌ನಟ್ ಬೇರಿನ ಬಳಿ ಟೊಮೆಟೊ ಮತ್ತು ಆಲ್ಫಾಲ್ಫಾ ಎಂಬ ಮೇವಿನ ಬೆಳೆ ಸಾಯುವುದನ್ನು ವರದಿ ಮಾಡಿದ ಮೇಲೆ ಇಂಥ ಪಟ್ಟಿಗಳು ಬೆಳೆಯುತ್ತ ಬಂದವು. ಅವುಗಳಲ್ಲಿ ಬಹುಪಾಲು ತೋಟಗಾರರು ಕಂಡದ್ದನ್ನು ಬರೆದಿಟ್ಟದ್ದೇ ಹೊರತು ನೆರಳು, ನೀರು, ಬೇರಿನ ಸ್ಪರ್ಧೆ ಇವನ್ನು ಬೇರ್ಪಡಿಸಿ ಮಾಡಿದ ಪ್ರಯೋಗದಿಂದ ಬಂದದ್ದಲ್ಲ. ಒಂದೇ ಗಿಡ ಒಂದು ಪಟ್ಟಿಯಲ್ಲಿ ತಾಳುವುದಾಗಿಯೂ ಇನ್ನೊಂದರಲ್ಲಿ ತಾಳದ್ದಾಗಿಯೂ ಕಾಣುತ್ತದೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಲಿಂಡಾ ಚಾಕರ್-ಸ್ಕಾಟ್ 2019ರಲ್ಲಿ ಈ ಸಾಕ್ಷ್ಯಗಳನ್ನೆಲ್ಲ ಪರಿಶೀಲಿಸಿ, ಪ್ರಯೋಗಶಾಲೆಯ ತಟ್ಟೆಯಲ್ಲಿ ಶುದ್ಧ ಜುಗ್ಲೋನ್ ಮಾಡುವುದನ್ನು ಹೊಲದ ಮಣ್ಣಿಗೆ ಹಾಗೆಯೇ ಅನ್ವಯಿಸಲಾಗದು ಎಂಬ ವಾದ ಮಂಡಿಸಿದ್ದಾರೆ. ನಾನು ಅಷ್ಟು ದೂರ ಹೋಗಿ ವಿಷವೇ ಇಲ್ಲ ಎನ್ನಲಾರೆ. ಆದರೆ ಕೆಂಪುನೆಲ ಅವರು ಕಂದಕ ತೋಡಿ ಕಂಡುಕೊಂಡದ್ದು ಇದೇ ಪ್ರಶ್ನೆಗೆ ಹೊಲದಲ್ಲೇ ಮಾಡಿದ ಪ್ರಯೋಗ, ಅದಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ.

ಆದ್ದರಿಂದ ಪಟ್ಟಿಯನ್ನಷ್ಟೇ ನಂಬದೆ ನೆಲವನ್ನೇ ಕೇಳಿ ಎನ್ನುತ್ತೇನೆ. ಹಿಮದ ಭಯ ಕಳೆದ ಮೇಲೆ, ಅಂದರೆ ಮೇ ಮಧ್ಯದ ನಂತರ, ನೀವು ಗುರುತಿಸಿದ ಮೂರು ಜಾಗಗಳಲ್ಲಿ ಎರಡೆರಡು ಟೊಮೆಟೊ ಸಸಿ ನೆಡಿಸಿ. ಅದೇ ನರ್ಸರಿಯ ಇನ್ನೆರಡು ಸಸಿಗಳನ್ನು ಅದೇ ಅಂಗಳದ ಮಣ್ಣು ತುಂಬಿದ ಕುಂಡದಲ್ಲಿ, ಮರದಿಂದ ದೂರ ಬಿಸಿಲಿನಲ್ಲಿ ಇಡಿಸಿ. ಎಲ್ಲಕ್ಕೂ ಒಂದೇ ಪ್ರಮಾಣದ ನೀರು. ಕುಂಡದವು ಚೆನ್ನಾಗಿದ್ದು 30 ಅಡಿಯವು ಸೊರಗಿದರೆ ಅಲ್ಲಿ ಬೇರಿನ ಪ್ರಭಾವವಿದೆ ಎಂದು ತಿಳಿಯಬಹುದು. ಸೊರಗಿದ ಗಿಡಕ್ಕೆ ಲೋಟದ ಪರೀಕ್ಷೆಯನ್ನೂ ಮಾಡಿಸಿ. ನೀವು ಹೋಗುವ ಹೊತ್ತಿಗೆ ಉತ್ತರ ಸಿದ್ಧವಾಗಿರುತ್ತದೆ.

ಕೆಂಪುನೆಲ, ಹಿರಿಯೂರು

ರಸಾಯನಪಾಠ ಮೇಡಂ ಹೇಳಿದ ಪರೀಕ್ಷೆಗೆ ಒಂದೇ ಮಾತು ಸೇರಿಸುತ್ತೇನೆ. 30 ಅಡಿಯ ಜಾಗದಲ್ಲಿ ಮರದ ಗುಣಿ ತೋಡುವಾಗ ಹೆಬ್ಬೆರಳಿಗಿಂತ ದಪ್ಪ ಬೇರು ಸಿಕ್ಕರೆ ಅದನ್ನು ಕಡಿಯುವ ಬದಲು ಗುಣಿಯನ್ನೇ ಎರಡಡಿ ಆಚೆಗೆ ಸರಿಸಿ. ದೊಡ್ಡ ಬೇರು ಗಾಯಗೊಂಡರೆ ಹಳೆಯ ಮರಕ್ಕೂ ಕೇಡು. ಸಸಿ ಚಿಕ್ಕದೇ ಇರಲಿ. ಆಳೆತ್ತರದ ಸಸಿಗೆ ಅಗಲವಾದ ಗುಣಿ ಬೇಕಾಗುತ್ತದೆ, ಮೊಳಕಾಲೆತ್ತರದ ಸಸಿ ದೊಡ್ಡ ಬೇರುಗಳ ಸಂದಿಯಲ್ಲಿ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ.

ಹಿತ್ತಲಗಿಡ, ದಾವಣಗೆರೆ

ಎಲ್ಲರ ಉತ್ತರಗಳನ್ನೂ ಮಗಳಿಗೆ ಓದಿ ಹೇಳಿದೆ. ಟೊಮೆಟೊ ಪರೀಕ್ಷೆಗೆ ಎಂಟು ಸಸಿ ತರುವುದಾಗಿ ಒಪ್ಪಿದ್ದಾಳೆ. ಕಿಟಕಿಯ ಎದುರಿಗೆ ರೆಡ್‌ಬಡ್ ಎಂಬುದು ಈಗಲೇ ನಿಶ್ಚಯವಾಯಿತು; ಪರೀಕ್ಷೆಯ ಫಲ ಏನೇ ಬಂದರೂ ಅದನ್ನು ಬದಲಿಸುವುದಿಲ್ಲ. ಪಶ್ಚಿಮಕ್ಕೆ ಓಕ್. ಬೇಲಿಯ ಬಿಸಿಲು ಎಷ್ಟು ಗಂಟೆ ಎಂದು ಈ ವಾರಾಂತ್ಯ ಗಂಟೆಗೊಮ್ಮೆ ಚಿತ್ರ ತೆಗೆದು ಕಳುಹಿಸುತ್ತಾಳೆ, ಆಮೇಲೆ ಸೀಡರಿನ ತೀರ್ಮಾನ. ನಾವು ಅಲ್ಲಿಗೆ ಹೋದ ಮೇಲೆ ಸೆಪ್ಟೆಂಬರ್‌ನಲ್ಲಿ ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ. ದಾಸವಾಳದ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ, ಮನೆಯಲ್ಲಿ ದಿನವೂ ಕೇಳುತ್ತಿದ್ದಾರೆ.

ಕೋಟೆಬೀದಿ, ಚಿತ್ರದುರ್ಗ

ಕ್ಷಮಿಸಿ ಸರ್, ಅದನ್ನು ಬರೆಯಲು ಮರೆತೆ. ನಮ್ಮ ದಾಸವಾಳವನ್ನು ಅಲ್ಲಿ ಹೊರಗೆ ನೆಟ್ಟರೆ ವಾಲ್‌ನಟ್ ಏನೂ ಮಾಡಬೇಕಾಗಿಲ್ಲ, ಮೊದಲ ಹಿಮವೇ ಕೊಲ್ಲುತ್ತದೆ. ಅದರದೇ ಕುಲದ ರೋಸ್ ಆಫ್ ಶಾರನ್ ಎಂಬ ಗಿಡ ಅಲ್ಲಿನ ಚಳಿಗಾಲವನ್ನು ಸಲೀಸಾಗಿ ಕಳೆಯುತ್ತದೆ, ವಾಲ್‌ನಟ್‌ನ ನೆರೆಯನ್ನೂ ತಾಳುತ್ತದೆ, ಜುಲೈಯಿಂದ ಸೆಪ್ಟೆಂಬರ್‌ವರೆಗೆ ದಾಸವಾಳದಂತಹದೇ ಹೂ ಬಿಡುತ್ತದೆ. ಬಿಳಿ, ನಸುಗೆಂಪು, ನೀಲಿ ನೇರಳೆ ಬಣ್ಣಗಳಲ್ಲಿ ಸಿಗುತ್ತದೆ; ನಮ್ಮ ಕಡುಗೆಂಪು ಮಾತ್ರ ಅದರಲ್ಲಿ ಇಲ್ಲ ಎಂದು ಅಮ್ಮನವರಿಗೆ ಮೊದಲೇ ತಿಳಿಸಿಬಿಡಿ. ಬೇಲಿಯ ಹತ್ತಿರ, ಬಿಸಿಲು ಬೀಳುವ ಕಡೆ ಒಂದನ್ನು ಹಾಕಿಸಿ. ಬೀಜ ಉದುರಿ ಮರಿಗಳು ಹುಟ್ಟುತ್ತವೆ, ಅವನ್ನು ಎಳೆಯವಾಗಿರುವಾಗಲೇ ಕಿತ್ತರೆ ಸಾಕು. ಇಲ್ಲಿಂದ ಕಡ್ಡಿಯನ್ನಾಗಲಿ ಮಣ್ಣನ್ನಾಗಲಿ ದಯವಿಟ್ಟು ಬ್ಯಾಗಿನಲ್ಲಿ ಇಡಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದ ಗಿಡವನ್ನು ಅಲ್ಲಿನ ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡುಬಿಡುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡವನ್ನೂ ಹಾಕುತ್ತಾರೆ.